ಮೈಕಣ್ಣನ ಧ್ಯಾನವೂ ಹಾಸಿಗೆ ಭಾವನೂ

ಹಾಸಿಗೆ ಭಾವ ತೀರಿಕೊಂಡ ಸುದ್ದಿ ಬಂದಾಗ ಮೈಕಣ್ಣ ಬಸ್ ನಿಲ್ದಾಣದ ಗಾಜಿನ ಕೋಣೆಯಲ್ಲಿ ಮೈಕಿನ ಮುಂದೆ ಕೂತಿದ್ದ. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾವುದರ ಆಸೆಯನ್ನೇ ಬಿಡಬೇಕು ಎಂಬುದನ್ನು ಪ್ರಯಾಣಿಕರಿಗೆ ಕೂಗಿ ಹೇಳುವುದು ಅವನ ಉದ್ಯೋಗ. ಹೆತ್ತವರು ಅವನಿಗೆ ಒಳ್ಳೆಯ ಹೆಸರನ್ನೇ ಇಟ್ಟಿದ್ದರು. ಆದರೆ ಈ ಕೆಲಸಕ್ಕೆ ಸೇರಿದ ಮೇಲೆ ಅದನ್ನು ಯಾರೂ ಬಳಸಿದ ಹಾಗಿಲ್ಲ. ಸಿಟ್ಟು ಬಂದಾಗ ಹೆಂಡತಿ ಕೂಡ "ಏನ್ರೀ ಮೈಕಣ್ಣನವರೇ" ಎಂದೇ ಶುರುಮಾಡುತ್ತಿದ್ದಳು.

ನಿಲ್ದಾಣದ ಕಂಟ್ರೋಲರ್ ಬಾಗಿಲು ತಳ್ಳಿಕೊಂಡು ಬಂದು ಮೆಲ್ಲಗೆ ಹೇಳಿದ: "ಮೈಕಣ್ಣ, ನಿಮ್ಮ ಮನೆಯಿಂದ ಫೋನ್ ಬಂದಿತ್ತು. ನಿಮ್ಮ ಭಾವ ಹೋಗ್ಬಿಟ್ರಂತೆ."

"ಎಲ್ಲಿಗೆ?" ಎಂದ ಮೈಕಣ್ಣ.

ಬೆಳಗಾದರೆ ಹೋಗುವವರನ್ನೇ ನೋಡುವವನು. ಹೋದರು ಎಂದರೆ ಎಲ್ಲಿಗೆ ಎಂದು ಕೇಳುವುದು ಅವನ ನಾಲಗೆಗೆ ಅಂಟಿದ ಅಭ್ಯಾಸ. ಅದರಲ್ಲಿ ವೇದಾಂತ ಏನೂ ಇರಲಿಲ್ಲ. ಆದರೆ ಕಂಟ್ರೋಲರ್ ಒಂದು ಹೆಜ್ಜೆ ಹಿಂದೆ ಸರಿದು ಕೈಕಟ್ಟಿ ನಿಂತುಬಿಟ್ಟ.

"ನಿಜ," ಎಂದ. "ಎಲ್ಲಿಗೆ ಅಂತ ಯಾರು ಹೇಳೋಕಾಗುತ್ತೆ. ಹೋಗೋದು ಮಾತ್ರ ನಮ್ಮ ಕಣ್ಣಿಗೆ ಕಾಣೋದು."

ಅಷ್ಟರಲ್ಲಿ ಬಸ್ಸೊಂದು ಬಂದು ನಿಂತಿತು. ಮೈಕಣ್ಣ ಸ್ವಿಚ್ಚು ಒತ್ತಿ, ಅದು ಹೊರಡುವ ಜಾಗ, ಹೋಗುವ ದಾರಿ, ದಯವಿಟ್ಟು ಇಳಿಯುವವರಿಗೆ ಮೊದಲು ದಾರಿ ಬಿಡಿ ಎಂಬ ವಿನಂತಿ, ಎಲ್ಲವನ್ನೂ ಒಂದಕ್ಷರ ತಪ್ಪದೆ ಹೇಳಿದ. ಸ್ವಿಚ್ಚು ಆರಿಸಿದ ಮೇಲೆ, "ಯಾವ ಭಾವ?" ಎಂದು ಕೇಳಿದ. ಅವನಿಗೆ ಇದ್ದದ್ದು ಒಬ್ಬನೇ ಭಾವ.

ಆಮೇಲೆ ಎದ್ದ. ಬಾಗಿಲ ಬಳಿ ಇದ್ದ ಚಪ್ಪಲಿಗಳಲ್ಲಿ ತನ್ನದೊಂದು, ಕಂಟ್ರೋಲರನದೊಂದು ಮೆಟ್ಟಿಕೊಂಡು ನಡೆದುಹೋದ. ಕಂಟ್ರೋಲರ್ ಉಳಿದ ಬೇರೆ ಬೇರೆ ಚಪ್ಪಲಿಗಳನ್ನು ಹಾಕಿಕೊಂಡೇ ಟಿಕೆಟ್ ಕಿಟಕಿಯವರೆಗೆ ಹೋಗಿ ಎಲ್ಲರಿಗೂ ಹೇಳಿದ: "ಒಂದು ಹನಿ ಕಣ್ಣೀರಿಲ್ಲ ಕಣ್ರೀ. ಮುಖದಲ್ಲಿ ಒಂದು ಗೆರೆ ಅಲುಗಲಿಲ್ಲ. ಸಾಧನೆ ಅಂದ್ರೆ ಅದು."

ಭಾವನ ಮನೆಯ ಮುಂಭಾಗವೇ ಅವನ ಹಾಸಿಗೆ ಅಂಗಡಿ. ಅರ್ಧ ಹೊಲಿದ ಹಾಸಿಗೆಯೊಂದು ನೆಲದ ಮೇಲೆ ಬಿದ್ದಿತ್ತು, ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲವಂತೆ. ಮೈಕಣ್ಣ ಬಂದದ್ದನ್ನು ಕಂಡು ಜನ ಎರಡು ಪಾಲಾಗಿ ದಾರಿ ಬಿಟ್ಟರು. ಮೈಕಣ್ಣನ ಎದುರು ಮನೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಬೆರಳನ್ನು ತುಟಿಗಿಟ್ಟು, "ಯಾರೂ ಅವರನ್ನ ಮಾತಾಡಿಸಬೇಡಿ. ಒಳಗೆ ಏನೋ ನಡೀತಿದೆ," ಎಂದರು.

ಒಳಗೆ ನಡೆಯುತ್ತಿದ್ದದ್ದು ಇಷ್ಟೇ: ಭಾವ ಈಗ ಎದ್ದು ಕೂತು, "ಏನಪ್ಪಾ ಮೈಕು, ನಂಬಿಬಿಟ್ಯಾ?" ಎಂದು ಕೇಳುತ್ತಾನೆ ಎಂದು ಮೈಕಣ್ಣ ಕಾಯುತ್ತಿದ್ದ. ಅಂಥ ಮನುಷ್ಯ ಅವನು. ಮೈಕಣ್ಣ ಬಹಳ ಹೊತ್ತು ಕಾದ. ಭಾವ ತನ್ನ ಆಯುಷ್ಯದಲ್ಲಿ ಒಂದು ತಮಾಷೆಯನ್ನು ಅಷ್ಟು ಹೊತ್ತು ಎಳೆದವನಲ್ಲ.

ಮೈಕಣ್ಣ ಸಾಧಕನಾದ ಕಥೆಯನ್ನು ಇಲ್ಲಿ ಹೇಳಲೇಬೇಕು. ಧ್ಯಾನ ದೊಡ್ಡದು. ಅದನ್ನು ನಿಜವಾಗಿ ಮಾಡುವವರಿಗೆ ನಮಸ್ಕಾರ. ಮೈಕಣ್ಣ ಅವರಲ್ಲಿ ಒಬ್ಬನಾಗಿರಲಿಲ್ಲ.

ಗಾಜಿನ ಕೋಣೆಯೆಂದರೆ ನಾಲ್ಕು ದಿಕ್ಕಿನಿಂದಲೂ ಕಾಣುವ ಕೋಣೆ. ಒಂದು ಬಸ್ಸಿಗೂ ಇನ್ನೊಂದು ಬಸ್ಸಿಗೂ ನಡುವೆ ಅಲ್ಲಿ ಕೂತವನಿಗೆ ನಿದ್ದೆ ಬರುವುದು ಸಹಜ. ಒರಗಿದರೆ ಕೆಲಸಕ್ಕೆ ಕುತ್ತು ಬರುವುದೂ ಅಷ್ಟೇ ಸಹಜ. ಆದ್ದರಿಂದ ಈ ಉದ್ಯೋಗದಲ್ಲಿ ಹಳಬರಾದವರೆಲ್ಲ ಒಂದು ವಿದ್ಯೆ ಕಲಿತಿರುತ್ತಾರೆ. ಬೆನ್ನು ನೆಟ್ಟಗೆ, ಗದ್ದ ಒಂದಿಷ್ಟು ಮೇಲೆ, ಕೈ ಎರಡೂ ಮಡಿಲಲ್ಲಿ, ತುಟಿಯಲ್ಲಿ ಸಣ್ಣ ನಗು. ಹೊರಗಿನಿಂದ ನೋಡಿದ ಅಧಿಕಾರಿಗೆ ಈತ ಪ್ರಯಾಣಿಕರ ಹಿತವನ್ನೇ ಚಿಂತಿಸುತ್ತಿದ್ದಾನೆ ಅನ್ನಿಸಬೇಕು. ಒಳಗೆ ಗಾಢನಿದ್ದೆ. ಈ ವಿದ್ಯೆಯಲ್ಲಿ ಮೈಕಣ್ಣನ ಸಮಕ್ಕೆ ನಿಲ್ಲುವವರು ಆ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಇದನ್ನು ಅವನು ಹೆಂಡತಿಗಾಗಲಿ ಭಾವನಿಗಾಗಲಿ ಹೇಳಿದವನಲ್ಲ. ಹೇಳಿದರೆ ಭಾವ ಅದನ್ನು ಬೀದಿಗೆಲ್ಲ ಹಂಚಿಬಿಡುತ್ತಿದ್ದ.

ಒಮ್ಮೆ ಅವನಿಗೆ ರಕ್ತದ ಒತ್ತಡ ಏರಿದಾಗ ಡಾಕ್ಟರು, "ಉಪ್ಪು ಬಿಡಿ, ಬೆಳಿಗ್ಗೆ ಹೊತ್ತು ಹಸಿರು ನೋಡಿ, ನೀರು ನೋಡಿ," ಎಂದರು. ಊರಿನ ಉದ್ಯಾನದಾಚೆ ಒಂದು ಕೆರೆ, ದಂಡೆಯಲ್ಲಿ ದೊಡ್ಡ ಮರ, ಅದರ ಕೆಳಗೆ ಚಪ್ಪಟೆ ಬಂಡೆಗಳು. ಮೈಕಣ್ಣ ಹೋಗಿ ಒಂದು ಬಂಡೆಯ ಮೇಲೆ ಕೂತ. ಸ್ವಲ್ಪ ಹಸಿರು ನೋಡಿದ, ಸ್ವಲ್ಪ ನೀರು ನೋಡಿದ, ಆಮೇಲೆ ವಿದ್ಯೆ ತಾನಾಗಿಯೇ ಬಂತು. ಕಣ್ಣು ಬಿಟ್ಟಾಗ ಎದುರಿಗೆ ಹೆಡ್‌ಮಿಸ್ಟ್ರೆಸ್ ಕೈಮುಗಿದು ನಿಂತಿದ್ದರು.

"ಹಕ್ಕಿ ಬಂದು ನಿಮ್ಮ ತಲೆ ಮೇಲೆ ಕೂತಿತ್ತು," ಎಂದರು. "ನಾಯಿ ಬಂದು ಕಾಲಿಗೆ ತಲೆ ಇಟ್ಟು ಮಲಗಿತ್ತು. ನಿಮಗೆ ಗೊತ್ತೇ ಆಗಲಿಲ್ಲ. ಇಷ್ಟು ದಿನ ಎದುರು ಮನೇಲಿದ್ದೂ ನಾವು ನಿಮ್ಮನ್ನ ತಿಳ್ಕೊಳ್ಲಿಲ್ವಲ್ಲ. ಎಂಥ ಧ್ಯಾನ."

ಅಲ್ಲ ಎನ್ನಲು ಮೈಕಣ್ಣ ಬಾಯಿ ತೆರೆದ. ಆದರೆ ಬದುಕಿನಲ್ಲಿ ಹೆಡ್‌ಮಿಸ್ಟ್ರೆಸ್ ಒಬ್ಬರು ಅವನಿಗೆ ಕೈಮುಗಿದದ್ದು ಅದೇ ಮೊದಲು. ಶಾಲೆಯಲ್ಲಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇ ಹೆಚ್ಚು.

"ಏನೋ, ಸ್ವಲ್ಪ," ಎಂದ.

ಆ ಸ್ವಲ್ಪ ವಾರದೊಳಗೆ ಬಹಳವಾಯಿತು. ನೀರು, ಮರ, ಬಂಡೆ ಮೂರೂ ಸೇರಿದ ಕಡೆ ಚೈತನ್ಯ ಉಕ್ಕುತ್ತದೆ, ಯೋಗ್ಯರು ಕೂತರೆ ಅದು ಬೆನ್ನಿನೊಳಗೆ ಮೇಲಕ್ಕೇರುತ್ತದೆ ಎಂದು ಹೆಡ್‌ಮಿಸ್ಟ್ರೆಸ್ ಬೀದಿಯಲ್ಲಿ ಪಾಠ ಮಾಡಿದರು. ಧ್ಯಾನದಲ್ಲಿದ್ದವರನ್ನು ಮುಟ್ಟಿ ಎಬ್ಬಿಸಿದರೆ ಏರಿದ ಶಕ್ತಿ ಒಮ್ಮೆಗೇ ಕುಸಿದು ಜೀವಕ್ಕೇ ಅಪಾಯ ಎಂದೂ ಸೇರಿಸಿದರು. ಬೆಳಗಿನ ನಡಿಗೆಗೆ ಬರುವವರು ಮರದ ಹತ್ತಿರ ತುದಿಗಾಲಲ್ಲಿ ನಡೆಯತೊಡಗಿದರು. ಉದ್ಯಾನದ ಅಧಿಕಾರಿ ಬಂಡೆಯ ಸುತ್ತ ಹಗ್ಗ ಕಟ್ಟಿಸಿ, ಇಲ್ಲಿ ಮಾತಾಡಬಾರದು ಎಂಬ ಹಲಗೆ ನೆಡಿಸಿದ.

ಬಸ್ ಡಿಪೋದ ಮ್ಯಾನೇಜರ್ ಅಷ್ಟಕ್ಕೇ ಬಿಡಲಿಲ್ಲ. ಡ್ರೈವರುಗಳಿಗೆ ಎಚ್ಚರದ ಮನಸ್ಸಿನ ಬಗ್ಗೆ ಎರಡು ಮಾತು ಹೇಳಬೇಕೆಂದು ಮೈಕಣ್ಣನನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿದ.

"ಪ್ರತಿ ಕ್ಷಣ ನಿಮ್ಮ ಉಸಿರನ್ನ ಗಮನಿಸ್ತಾ ಇರಿ," ಎಂದ ಮೈಕಣ್ಣ. ಎಲ್ಲಿಯೋ ಕೇಳಿದ ಮಾತು.

"ಉಸಿರು ಗಮನಿಸ್ತಾ ಕೂತರೆ ರಸ್ತೆ ಯಾರು ಗಮನಿಸ್ತಾರೆ ಅಣ್ಣ?" ಎಂದ ಹಳೇ ಡ್ರೈವರೊಬ್ಬ.

"ಅದನ್ನೂ ಗಮನಿಸಿ."

"ಹಿಂದಿನ ಕನ್ನಡಿ?"

"ಅದನ್ನೂ."

"ಚಿಲ್ಲರೆ ಕೊಟ್ಟಿಲ್ಲ ಅಂತ ಕಿರುಚೋ ಪ್ರಯಾಣಿಕರನ್ನ?"

"ಅದು ಕಂಡಕ್ಟರ್ ಗಮನಿಸ್ಕೊಳ್ಲಿ," ಎಂದು, ಇನ್ನು ಪ್ರಶ್ನೆ ಬಂದರೆ ಕಷ್ಟವೆಂದು ಮೈಕಣ್ಣ ಧ್ಯಾನ ಮಾಡಿ ತೋರಿಸಲು ಕಣ್ಣು ಮುಚ್ಚಿದ. ಮುಚ್ಚಿದ್ದೇ ತಡ, ನಿದ್ದೆ ಬಂತು. ಗುರುಗಳು ಸಮಾಧಿಯಲ್ಲಿದ್ದಾರೆಂದು ಮ್ಯಾನೇಜರ್ ಯಾರನ್ನೂ ಏಳಗೊಡಲಿಲ್ಲ. ಅಂದು ಬಸ್ಸುಗಳೆಲ್ಲ ತಡ. ಆ ತಡಕ್ಕೆ ಪ್ರಯಾಣಿಕರ ಕ್ಷಮೆ ಕೋರುವ ಪ್ರಕಟಣೆಯನ್ನು ಮೈಕಣ್ಣನೇ ಓದಬೇಕಾಯಿತು.

"ಒಲೆ ಮೇಲೆ ಹಾಲಿಟ್ಟು ನೋಡ್ಕೊಳ್ಳಿ ಅಂದ್ರೆ ಆಗಲ್ಲ ನಿಮ್ಮ ಕೈಲಿ," ಎಂದಳು ಹೆಂಡತಿ. "ಎಚ್ಚರದ ಮನಸ್ಸಂತೆ."

ಊರೆಲ್ಲ ನಂಬಿದರೂ ಒಬ್ಬ ನಂಬಲಾರ ಎಂದು ಮೈಕಣ್ಣನಿಗೆ ಗೊತ್ತಿತ್ತು. ಹಾಸಿಗೆ ಭಾವ ಅವನ ಹೆಂಡತಿಯ ಅಣ್ಣ. ಮದುವೆಯ ಹೊಸತರಲ್ಲಿ ಮೈಕಣ್ಣನಿಗೆಂದೇ ಹೊಲಿದ ದಿಂಬಿನಲ್ಲಿ ಹತ್ತಿಯ ನಡುವೆ ಒಣಗಿದ ಎಲೆ ತುಂಬಿ, ತಲೆ ತಿರುಗಿಸಿದಾಗಲೆಲ್ಲ ಚರಪರ ಎನ್ನಿಸಿ, "ಹೊಸ ಜಾಗ, ಒಬ್ಬನಿಗೇ ಬೇಜಾರಾಗಬಾರದು ಅಂತ ಮಾತಾಡೋ ದಿಂಬು ಕೊಟ್ಟಿದ್ದೆ," ಎಂದಿದ್ದ. ಅಂದಿನಿಂದ ಕೆಲಸ ಮುಗಿದ ಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಇಬ್ಬರೂ ಕೂತು ಒಬ್ಬರ ಕಾಲು ಒಬ್ಬರು ಎಳೆಯದೆ ಮನೆಗೆ ಹೋದದ್ದಿಲ್ಲ. ಆ ಮಾತಿಲ್ಲದಿದ್ದರೆ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ.

"ನಿನಗೆ ಧ್ಯಾನವಾ?" ಎಂದು ಕೇಳಿದ್ದ ಭಾವ, ಸೂಜಿಗೆ ದಾರ ಪೋಣಿಸುತ್ತ. "ಸುಮ್ಮನೆ ಕೂರೋ ಜಾತಕವೇ ಅಲ್ಲವಲ್ಲಯ್ಯ ನಿನ್ನದು. ನಾಳೆ ಬಂದು ನೋಡ್ತೀನಿ ಇರು."

ನಾಳೆ ಬಂದೂ ಬಂದ. ಹಗ್ಗ ದಾಟಿ ಪಕ್ಕದ ಬಂಡೆಯ ಮೇಲೆ ಕೂತ. ಮೈಕಣ್ಣನಿಗೆ ನಿದ್ದೆ ಹಾರಿಹೋಯಿತು. ಎಚ್ಚರವಿದ್ದೂ ಅಲುಗದೆ ಕೂರುವುದು ಎಷ್ಟು ಕಷ್ಟವೆಂಬುದು ಅಂದು ಅವನಿಗೆ ತಿಳಿಯಿತು. ನೊಣವೊಂದು ಮೂಗಿನ ತುದಿಯಲ್ಲಿ ಕೂತು, ಕೈ ಉಜ್ಜಿ, ಹಣೆಗೆ ಹೋಗಿ, ಮತ್ತೆ ಮೂಗಿಗೆ ಬಂತು. ಮೈಕಣ್ಣ ಹಲ್ಲು ಕಚ್ಚಿ ಸಹಿಸಿದ. ಭಾವ ಏನೂ ಹೇಳದೆ ಎದ್ದುಹೋದ.

ಗೆದ್ದೆ ಎಂದುಕೊಂಡ ಮೈಕಣ್ಣ. ಆದರೆ ಭಾವ ಮರುದಿನವೂ ಬಂದ. ಅದರ ಮರುದಿನವೂ. ರೆಪ್ಪೆಯ ಸಂದಿಯಿಂದ ಮೈಕಣ್ಣ ಕದ್ದು ನೋಡಿದರೆ, ಭಾವ ಟವೆಲಿನಿಂದ ಬಾಯಿ ಮುಚ್ಚಿಕೊಂಡಿದ್ದಾನೆ, ಹೆಗಲೆರಡೂ ಗಡಗಡ ಅಲುಗುತ್ತಿವೆ, ಕಣ್ಣಲ್ಲಿ ನೀರು. ನಗುತ್ತಿದ್ದಾನೆ. ಬೆಳಗಿನ ಜಾವ ಇಷ್ಟು ದೂರ ನಡೆದು ಬಂದು, ತನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಾನೆ. ಮೈಕಣ್ಣ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದ. ಕಣ್ಣು ಬಿಟ್ಟರೆ ತಾನೇ ಸೋಲುವುದು? ಹೊತ್ತು ನೋಡಿ ಭಾವ ಎದ್ದು ಹೋಗುತ್ತಿದ್ದ. ಹೆಜ್ಜೆ ಸಪ್ಪಳ ದೂರವಾದ ಮೇಲೆ ಮೈಕಣ್ಣ ಎದ್ದು ನೇರ ಡ್ಯೂಟಿಗೆ ಓಡುತ್ತಿದ್ದ.

ಅಂಗಡಿಯ ಮೆಟ್ಟಿಲಿಗೆ ಹೋಗುವುದನ್ನೂ ಬಿಟ್ಟ. ಭಾವ ತಂಗಿಯ ಕೈಯಲ್ಲಿ ಹತ್ತಿಯ ಚೌಕದಿಂಬೊಂದನ್ನು ಕಳಿಸಿದ: "ಬರೀ ಕಲ್ಲಿನ ಮೇಲೆ ಕೂತು ಮೂಲವ್ಯಾಧಿ ತಂದ್ಕೋಬೇಡ ಅಂತ ಹೇಳು." ಇದೂ ಕುಚೋದ್ಯವೆಂದು ಮೈಕಣ್ಣ ಅದನ್ನು ಅಟ್ಟಕ್ಕೆ ಹಾಕಿದ. ಭಾವ ಮನೆಗೆ ಬಂದರೆ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಒಂದು ಸಂಜೆ ಹೊರಗೆ ನಡೆದ ಮಾತು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

"ಒಳಗೆ ಕೂತಿದ್ದಾರೆ ಅಣ್ಣ. ಕರೀಲಾ?"

"ಬೇಡಮ್ಮ, ಬೇಡ. ಕೂತಾಗ ಎಬ್ಬಿಸಬಾರದಂತೆ. ಎದ್ದ ಮೇಲೆ ಒಂದ್ಸಲ ಬರೋಕೆ ಹೇಳು."

"ಯಾಕಣ್ಣ, ಏನಾದರೂ ಇತ್ತಾ?"

"ಏನಿಲ್ಲ, ಸುಮ್ನೆ."

ಸುಮ್ನೆ ಎಂದರೆ ಏನೆಂದು ನನಗೆ ಗೊತ್ತಿಲ್ಲವೇ ಎಂದುಕೊಂಡು ಮೈಕಣ್ಣ ಹೋಗಲಿಲ್ಲ. ಭಾವ ತೀರಿಕೊಂಡ ದಿನ ಬೆಳಿಗ್ಗೆ ಪಕ್ಕದ ಬಂಡೆ ಖಾಲಿಯಿತ್ತು. ಅದನ್ನು ನೋಡಿ ಅವನು, ಅಬ್ಬ, ಇವತ್ತು ಕಾಟ ತಪ್ಪಿತು ಎಂದು ನೆಮ್ಮದಿಯಾಗಿ ನಿದ್ದೆ ಹೋಗಿದ್ದ.

ನೆಂಟರೆಲ್ಲ ಹೊರಟುಹೋದ ಮೇಲೆ ಒಂದು ಮಧ್ಯಾಹ್ನ ಭಾವನ ಹೆಂಡತಿ ಅಂಗಡಿಯ ಹತ್ತಿಯನ್ನು ಮೂಟೆಗೆ ತುಂಬುತ್ತಿದ್ದಳು. ಮೈಕಣ್ಣ ಮೂಟೆಯ ಬಾಯಿ ಹಿಡಿದುಕೊಂಡು ನಿಂತಿದ್ದ.

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು," ಎಂದಳು. "ಅವರು ಕೊನೆಗೂ ನಿಮಗೆ ಹೇಳಿದ್ರಾ?"

"ಏನನ್ನ ಅಕ್ಕ?"

"ಆಸ್ಪತ್ರೆಗೆ ಹೋಗೋ ವಿಷಯ." ಅವನ ಮುಖ ನೋಡಿ ಅವಳಿಗೆ ಉತ್ತರ ತಿಳಿಯಿತು. "ಹೇಳಲಿಲ್ಲ ಅಲ್ವಾ. ಕೆಮ್ಮು ಜಾಸ್ತಿಯಾಗಿತ್ತು. ಹತ್ತಿಯ ಧೂಳಿಂದ ಅಂದ್ಕೊಂಡ್ವಿ. ನಮ್ಮ ಡಾಕ್ಟರು ಎದೆ ಸರಿಯಿಲ್ಲ, ದೊಡ್ಡ ಆಸ್ಪತ್ರೆಗೆ ಹೋಗಿ ತೋರಿಸಿ ಅಂದ್ರು. ನಾನು ಬರ್ತೀನಿ ಅಂದೆ. ಬೇಡ, ನೀನು ಅಲ್ಲಿ ಅಳ್ತೀಯ, ಮೈಕು ಬಂದ್ರೆ ಹೋಗ್ತೀನಿ ಅಂದ್ರು. ಅವನಾದರೆ ಡಾಕ್ಟರ ಮುಂದೂ ಏನಾದರೂ ತಲೆಹರಟೆ ಮಾಡ್ತಾನೆ, ನನಗೆ ಹೆದರಿಕೆ ಆಗಲ್ಲ ಅಂದ್ರು. ತಂಗಿಗೆ ಗೊತ್ತಾಗೋದು ಬೇಡ, ಅವನೊಬ್ಬನೇ ಸಿಕ್ಕಾಗ ಕೇಳ್ತೀನಿ ಅಂತ ದಿನಾ ಕೆರೆಗೆ ಬರ್ತಿದ್ರಲ್ಲ."

ಮೈಕಣ್ಣನ ಕೈಯಿಂದ ಮೂಟೆಯ ಬಾಯಿ ಜಾರಿತು.

"ದಿನಾ ವಾಪಸ್ ಬಂದು, ಇವತ್ತೂ ಏಳಲಿಲ್ಲ ಕಣೇ ಅನ್ನೋರು. ಕೆಮ್ಮು ಬಂದರೆ ನಿಮ್ಮ ಧ್ಯಾನ ಕೆಡುತ್ತೆ ಅಂತ ಬಾಯಿಗೆ ಟವೆಲ್ ಒತ್ತಿ ಹಿಡೀತಿದ್ರಂತೆ. ನಾನು ಬೈದೆ, ಭುಜ ತಟ್ಟಿ ಎಬ್ಬಿಸೋಕೆ ಏನು ನಿಮಗೆ ಅಂತ. ಮೇಡಂ ಹೇಳಿದ್ದಾರೆ, ಜೀವಕ್ಕೆ ಅಪಾಯ, ನನ್ನ ತಂಗಿ ಗತಿಯೇನು ಅಂದ್ರು." ಅವಳು ಸ್ವಲ್ಪ ನಕ್ಕಳು. "ನಿಮ್ಮನ್ನ ಆಡಿಕೊಳ್ಳೋಕೆ ಅಂತಲೇ ಮೊದಲ ದಿನ ಹೋದದ್ದು. ಬಂದವರು ಊಟಕ್ಕೆ ಕೂತು ಹೇಳಿದ್ರು, ನೊಣ ಮೂಗಿನ ಮೇಲೆ ಕೂತರೂ ಅಲುಗಲಿಲ್ಲ ಕಣೇ, ನಾವು ಸುಮ್ಮನೆ ನಗ್ತಿದ್ವಿ, ನಮ್ಮ ಮೈಕು ದೊಡ್ಡವನಾಗಿಬಿಟ್ಟ ಅಂತ."

"ಆಗಲೇ ಹೋಗಿದ್ದಿದ್ರೆ?" ಎಂದ ಮೈಕಣ್ಣ.

"ಡಾಕ್ಟರನ್ನ ನಾನೂ ಕೇಳಿದೆ. ಹೇಳೋಕಾಗಲ್ಲ ಅಂದ್ರು." ಅವಳು ಮೂಟೆಯ ಬಾಯನ್ನು ಎತ್ತಿ ಮತ್ತೆ ಅವನ ಕೈಗೆ ಕೊಟ್ಟಳು. "ಹಿಡ್ಕೊಳ್ಳಿ. ಎಲ್ಲಾ ಹಾರ್ತಿದೆ."

ಆ ವಾರದ ರಜೆಯ ದಿನ ಹೆಡ್‌ಮಿಸ್ಟ್ರೆಸ್ ಕೆರೆಯ ಬಳಿ ಸಭೆ ಸೇರಿಸಿದರು. ಮೈಕಣ್ಣನವರು ಧ್ಯಾನದಲ್ಲಿ ಶಕ್ತಿಯನ್ನು ಮೇಲಕ್ಕೆತ್ತಿ ಅಗಲಿದ ಆತ್ಮಕ್ಕೆ ತಲುಪಿಸುವರು ಎಂದು ಮನೆಮನೆಗೂ ಹೇಳಿಸಿದ್ದರು. ಕಂಟ್ರೋಲರ್ ಬಂದ, ಡಿಪೋ ಮ್ಯಾನೇಜರ್ ಬಂದ, ಉದ್ಯಾನದ ಅಧಿಕಾರಿ ಹಗ್ಗ ಬಿಚ್ಚಿಸಿ ಎಲ್ಲರನ್ನೂ ಸಾಲಾಗಿ ಕೂರಿಸಿದ. ಮೈಕಣ್ಣ ಬರುವುದಿಲ್ಲ ಎಂದಿದ್ದ. ಅಣ್ಣನಿಗಾಗಿ ಎಂದು ಹೆಂಡತಿ ಕರೆದುಕೊಂಡು ಬಂದಿದ್ದಳು. ಅವನು ಬಂಡೆಯ ಮೇಲೆ ಕೂರಲಿಲ್ಲ. ನಿಂತೇ ಹೇಳಿದ:

"ನನಗೆ ಧ್ಯಾನ ಬರಲ್ಲ. ನಾನು ಇಲ್ಲಿ ಕೂತು ನಿದ್ದೆ ಮಾಡ್ತಿದ್ದೆ."

ಕಂಟ್ರೋಲರ್ ಪಕ್ಕದವನಿಗೆ, "ಎಂಥ ವಿನಯ ನೋಡಿ," ಎಂದ.

"ವಿನಯ ಅಲ್ಲ ಸಾರ್, ನಿದ್ದೆ. ಒಮ್ಮೊಮ್ಮೆ ಗೊರಕೇನೂ ಬರ್ತಿತ್ತು."

"ನಾನು ಕೇಳಿದೀನಿ," ಎಂದರು ಹೆಡ್‌ಮಿಸ್ಟ್ರೆಸ್ ಗಂಭೀರವಾಗಿ. "ಅದು ನಾದ. ಎಲ್ಲರಿಗೂ ಬರಲ್ಲ."

"ಡಿಪೋದಲ್ಲೂ ನಿದ್ದೆಯೇ."

"ಅವತ್ತಿನಿಂದ ನನ್ನ ತಲೆನೋವು ಹೋಯ್ತಲ್ರೀ," ಎಂದ ಮ್ಯಾನೇಜರ್.

ಮೈಕಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ಎಲ್ಲ ಮುಖಗಳಲ್ಲೂ ಭಕ್ತಿ. ಸುಳ್ಳನ್ನು ಅಷ್ಟು ಸುಲಭವಾಗಿ ನಂಬಿದ ಜನ ನಿಜವನ್ನು ಒಂದಿಷ್ಟೂ ಒಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ.

"ಭಾವ ದಿನಾ ಈ ಬಂಡೆ ಮೇಲೆ ಬಂದು ಕೂರ್ತಿದ್ರು," ಎಂದ. "ಆಸ್ಪತ್ರೆಗೆ ಜೊತೆಗೆ ಬಾ ಅಂತ ಕರೆಯೋಕೆ. ಅವರು ಕೆಮ್ಮು ತಡ್ಕೋತಿದ್ರು. ನಾನು ನಗ್ತಿದ್ದಾರೆ ಅಂದ್ಕೊಂಡೆ. ಎಚ್ಚರ ಇದ್ದೂ ಕಣ್ಣು ಬಿಡಲಿಲ್ಲ."

ಆಮೇಲೆ ಉದ್ಯಾನದ ಅಧಿಕಾರಿ ಮೆಲ್ಲಗೆ, "ಇದರ ಒಳಾರ್ಥ ಏನು ಮೇಡಂ?" ಎಂದು ಕೇಳಿದ. ಹೆಡ್‌ಮಿಸ್ಟ್ರೆಸ್ ವಿವರಿಸಲು ಕನ್ನಡಕ ಸರಿಮಾಡಿಕೊಂಡರು.

"ಒಳಾರ್ಥ ಏನೂ ಇಲ್ಲ," ಎಂದಳು ಮೈಕಣ್ಣನ ಹೆಂಡತಿ. ಎದ್ದು ನಿಂತಿದ್ದಳು. "ಅವರು ಹೇಳಿದ್ದು ಅಷ್ಟೇ. ನಮ್ಮಣ್ಣ ಕರೆಯೋಕೆ ಬಂದಿದ್ದ. ಇವರು ಏಳಲಿಲ್ಲ."

ಅವಳು ಈ ಸಂಗತಿಯನ್ನು ಕೇಳಿದ್ದು ಅದೇ ಮೊದಲು. ಗಂಡನನ್ನು ನೋಡಿದಳು. ಮದುವೆಯಾದಂದಿನಿಂದ ಅವಳು ಅವನನ್ನು ಸಿಟ್ಟಿನಿಂದ ನೋಡಿದ್ದುಂಟು, ನಗುತ್ತ ನೋಡಿದ್ದುಂಟು. ಈ ನೋಟ ಹೊಸದು. ಅವಳು ಬೈದಿದ್ದರೆ ಮೈಕಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬೈಯಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು.

"ಪ್ರಾರ್ಥನೆ ಮಾಡಿ," ಎಂದಳು. "ಧ್ಯಾನ ಗೀನ ಏನೂ ಬೇಡ. ಬಾಯಿಬಿಟ್ಟು ಮಾಡಿ. ಅವನಿಗೆ ಕೇಳಿಸಲಿ."

ಮೈಕಣ್ಣನಿಗೆ ಮಂತ್ರ ಗೊತ್ತಿರಲಿಲ್ಲ. ಕೈಮುಗಿದು, ಕೆರೆಯ ನೀರನ್ನು ನೋಡುತ್ತ, ಬಂದ ಮಾತನ್ನೇ ಆಡಿದ.

"ದೇವರೇ, ನಮ್ಮ ಭಾವ ನಿನ್ನ ಹತ್ತಿರ ಬಂದಿದ್ದಾರೆ. ಅವರಿಗೆ ಒಬ್ಬರೇ ಹೋಗಿ ಅಭ್ಯಾಸ ಇಲ್ಲ. ಹೊಸ ಜಾಗ ಅಂದ್ರೆ ಹೆದರ್ತಾರೆ; ಹೆದರಿದ್ದನ್ನ ತೋರಿಸ್ಕೊಳ್ಳದೆ ತಮಾಷೆ ಮಾಡ್ತಾರೆ. ನೀನು ಅದನ್ನ ಬರೀ ತಮಾಷೆ ಅಂದ್ಕೋಬೇಡ. ಎದುರಿಗೆ ಬಂದು ಸುಮ್ಮನೆ ಕೂತರೆ ಅವರಿಗೆ ಏನೋ ಹೇಳೋದಿದೆ ಅಂತ ತಿಳ್ಕೋ. ಅವರಾಗಿ ಹೇಳಲ್ಲ, ನೀನೇ ಕೇಳು. ನೀನು ಎಂಥ ಧ್ಯಾನದಲ್ಲೇ ಇರು, ಅವರು ಬಂದಾಗ ಕಣ್ಣು ಬಿಟ್ಟಿರು ತಂದೆ. ಅವರ ಎದೆಯ ನೋವು ಇಳಿಸು. ಉಸಿರು ಹಗುರ ಮಾಡು. ಅವರ ಜೀವಕ್ಕೆ ಶಾಂತಿ ಕೊಡು."